ರಾ ಬೇಕಾ, ಜೆಪೆಗ್ ಸಾಕಾ? ಕೊಡಗಿನ ಮೈದಾನದಲ್ಲಿ ಆಟದ ಫೋಟೊ ತೆಗೆಯುವವರಿಗೆ ಸಮಗ್ರ ಮಾರ್ಗದರ್ಶಿ

ಏಪ್ರಿಲ್ ತಿಂಗಳ ನಾಪೋಕ್ಲು. ಬೆಳಿಗ್ಗೆ ಹತ್ತಕ್ಕೆ ಮೈದಾನದ ಮೇಲೆ ಕಣ್ಣು ಕುಕ್ಕುವ ಬಿಸಿಲು. ಮೂರು ಗಂಟೆ ಆಗುತ್ತಿದ್ದಂತೆ ಬೆಟ್ಟದ ಕಡೆಯಿಂದ ಮೋಡ ಏರುತ್ತದೆ. ನಾಲ್ಕಕ್ಕೆ ಗಾಳಿ, ನಾಲ್ಕೂವರೆಗೆ ನಾಲ್ಕು ಹನಿ ಮಳೆ. ಆಟ ಮಾತ್ರ ನಿಲ್ಲುವುದಿಲ್ಲ. ಒಂದೇ ದಿನದಲ್ಲಿ ಇಷ್ಟು ಬಗೆಯ ಬೆಳಕು ನೋಡುವ ಫೋಟೊಗ್ರಾಫರ್‌ಗೆ, ಕ್ಯಾಮೆರಾದಲ್ಲಿ ಯಾವ ಫಾರ್ಮ್ಯಾಟ್ ಇಟ್ಟುಕೊಳ್ಳಬೇಕು ಅನ್ನುವುದು ಸಣ್ಣ ಪ್ರಶ್ನೆ ಅಲ್ಲ.

ಕೊಡವ ಕೌಟುಂಬಿಕ ಹಾಕಿ ಹಬ್ಬ ಶುರುವಾಗಿದ್ದು 1997ರಲ್ಲಿ, ಕರಡ ಗ್ರಾಮದಲ್ಲಿ, ಪಾಂಡಂಡ ಕುಟ್ಟಪ್ಪ ಅವರ ಮುಂದಾಳತ್ವದಲ್ಲಿ. 2024ರಲ್ಲಿ ನಾಪೋಕ್ಲಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಹೆಸರು ಕೊಟ್ಟಿದ್ದವು. ತಂಡ ಅಂದರೆ ಒಂದು ಒಕ್ಕ, ಅಂದರೆ ಒಂದೇ ಮನೆತನದವರು. ಅಜ್ಜ, ಸೊಸೆ, ಹೈಸ್ಕೂಲ್ ಹುಡುಗ ಒಂದೇ ತಂಡದಲ್ಲಿ ಆಡುವುದನ್ನು ಇಲ್ಲಿ ನೋಡಬಹುದು. ಹಾಗಾಗಿ ಇಲ್ಲಿ ತೆಗೆದ ಫೋಟೊಗೆ ಎರಡು ಬಾಳುವೆ ಇದೆ. ಪಂದ್ಯ ಮುಗಿದ ಹತ್ತು ನಿಮಿಷಕ್ಕೆ ಕುಟುಂಬದ ವಾಟ್ಸಾಪ್ ಗುಂಪಿಗೆ ಹೋಗಬೇಕು. ಅದರಲ್ಲೇ ಒಂದೆರಡು, ಮುಂದೆ ಐನ್‌ಮನೆಯ (ಒಕ್ಕದ ಮೂಲ ಮನೆಯ) ಗೋಡೆ ಮೇಲೆ ಐವತ್ತು ವರ್ಷ ಇರಬೇಕು.

ಕ್ಯಾಮೆರಾ ಚಿತ್ರವನ್ನು ಬರೆದಿಡುವ ಫಾರ್ಮ್ಯಾಟ್ ಮುಖ್ಯವಾಗಿ ಎರಡು: ಅಳತೆಗಳನ್ನು ಹಾಗೇ ಇಡುವ ರಾ, ಸಿದ್ಧ ಮಾಡಿ ಕುಗ್ಗಿಸಿ ಕೊಡುವ ಜೆಪೆಗ್. ರಾ ಮೇಲಾ, ಜೆಪೆಗ್ ಮೇಲಾ ಅನ್ನುವ ಜಗಳಕ್ಕೆ ನನ್ನ ಉತ್ತರ ಇಷ್ಟೇ. ಇದನ್ನು ಜೀವನಪೂರ್ತಿಗೆ ಒಂದೇ ಸಲ ನಿರ್ಧರಿಸಬೇಡಿ. ಪಂದ್ಯದಿಂದ ಪಂದ್ಯಕ್ಕೆ ನಿರ್ಧರಿಸಿ. ಫೋಟೊಗೆ ಯಾರು ಕಾಯುತ್ತಿದ್ದಾರೆ, ಬೆಳಕು ಹೇಗಿದೆ, ನಿಮ್ಮ ಕಾರ್ಡ್ ಎಷ್ಟು ತಡೆಯುತ್ತದೆ, ಇವನ್ನು ನೋಡಿ ಬದಲಿಸಿ. ಹೇಗೆ ಅನ್ನುವುದು ಮುಂದಿದೆ.

ಮೊದಲು, ಕ್ಯಾಮೆರಾ ಒಳಗೆ ಏನಾಗುತ್ತದೆ

ಸೆನ್ಸರ್ ಮೇಲಿನ ಪ್ರತಿ ಚುಕ್ಕಿ ಒಂದೇ ಬಣ್ಣದ ಬೆಳಕನ್ನು ಅಳೆಯುತ್ತದೆ: ಕೆಂಪು, ಹಸಿರು, ಇಲ್ಲವೇ ನೀಲಿ. ಆ ಅಳತೆಗಳನ್ನು ಹಾಗೇ ಬರೆದಿಟ್ಟ ಫೈಲೇ ರಾ. ನಿಕಾನ್‌ನಲ್ಲಿ ಇದಕ್ಕೆ ಎನ್‌ಇಎಫ್, ಕ್ಯಾನನ್‌ನ ಹೊಸ ಕ್ಯಾಮೆರಾಗಳಲ್ಲಿ ಸಿಆರ್3, ಸೋನಿಯಲ್ಲಿ ಎಆರ್‌ಡಬ್ಲ್ಯೂ ಅನ್ನುತ್ತಾರೆ. 14 ಬಿಟ್ ರಾ ಅಂದರೆ ಪ್ರತಿ ಚುಕ್ಕಿಗೂ ಕಪ್ಪಿನಿಂದ ಬೆಳಕಿನವರೆಗೆ 16,384 ಮೆಟ್ಟಿಲು. 12 ಬಿಟ್ ಆದರೆ 4,096.

ಜೆಪೆಗ್‌ನಲ್ಲಿ ಕ್ಯಾಮೆರಾ ಅಡುಗೆಯನ್ನೂ ತಾನೇ ಮಾಡಿಬಿಡುತ್ತದೆ. ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ), ಕಾಂಟ್ರಾಸ್ಟ್, ಶಾರ್ಪ್‌ನೆಸ್ ಎಲ್ಲ ಹಾಕಿ, ಬಣ್ಣಕ್ಕೆ 256 ಮೆಟ್ಟಿಲಿನಂತೆ 8 ಬಿಟ್‌ಗೆ ಇಳಿಸುತ್ತದೆ. ಆಮೇಲೆ ಚಿತ್ರವನ್ನು 8 ಚುಕ್ಕಿ ಉದ್ದ, 8 ಚುಕ್ಕಿ ಅಗಲದ ಚೌಕಗಳಾಗಿ ಮಾಡಿಕೊಂಡು, ಕಣ್ಣಿಗೆ ಸುಲಭಕ್ಕೆ ಕಾಣದ ವಿವರಗಳನ್ನು ಕೈಬಿಡುತ್ತದೆ. 1992ರಲ್ಲಿ ಬಂದ ಈ ವಿಧಾನ ಇವತ್ತಿಗೂ ನಡೆಯುತ್ತಿದೆ. ಯಾವ ಫೋನಿನಲ್ಲೂ, ಯಾವ ಪತ್ರಿಕೆಯ ಕಂಪ್ಯೂಟರಿನಲ್ಲೂ ತೆರೆದುಕೊಳ್ಳುತ್ತದೆ. ಆದರೆ ಕೈಬಿಟ್ಟದ್ದು ಹೋಯಿತು, ಮತ್ತೆ ಬರುವುದಿಲ್ಲ.

24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ ಒಂದು ರಾ ಸುಮಾರು 25ರಿಂದ 30 ಎಂಬಿ ಬರುತ್ತದೆ. ಒಳ್ಳೆಯ ಗುಣಮಟ್ಟದ ಜೆಪೆಗ್ ಸುಮಾರು 10 ಎಂಬಿ. ಹುಲ್ಲು, ಜನ, ಮರ ಜಾಸ್ತಿ ಇದ್ದ ಚಿತ್ರ ಇನ್ನೂ ದಪ್ಪ ಆಗುತ್ತದೆ.

ಒಂದು ತಪ್ಪು ತಿಳಿವಳಿಕೆ ತುಂಬ ಜನರಲ್ಲಿದೆ. ಕುಗ್ಗಿಸಿದ್ದು ಅಂದರೆ ಜೆಪೆಗ್ ಮಾತ್ರ ಅಂದುಕೊಳ್ಳುತ್ತಾರೆ. ರಾ ಕೂಡ ಕುಗ್ಗುತ್ತದೆ. ಏನೂ ಕಳೆಯದೆ ಕುಗ್ಗಿಸುವ ರಾ ಒಂದು. ಸ್ವಲ್ಪ ಕಳೆದು ಚೆನ್ನಾಗಿ ಕುಗ್ಗಿಸುವ ರಾ ಇನ್ನೊಂದು. ಕ್ಯಾನನ್‌ನ ಸಿ-ರಾ, ನಿಕಾನ್‌ನ ಹೈ ಎಫಿಷಿಯನ್ಸಿ ರಾ ಈ ಎರಡನೇ ಜಾತಿಯವು. ನೆರಳನ್ನು ತುಂಬ ಎತ್ತಿದಾಗ, ಅಂದರೆ ಕಪ್ಪು ಭಾಗವನ್ನು ಆಮೇಲೆ ಬೆಳಗಿಸಿದಾಗ ಮಾತ್ರ ಇವುಗಳಲ್ಲಿ ಸಣ್ಣ ವ್ಯತ್ಯಾಸ ಕಾಣಬಹುದು. ಆಟದ ಫೋಟೊಗೆ ನಾನು ಇವನ್ನು ಧೈರ್ಯವಾಗಿ ಬಳಸುತ್ತೇನೆ. ನಿಮ್ಮ ಕ್ಯಾಮೆರಾದಲ್ಲಿ ಇದ್ದರೆ, ರಾ ಮತ್ತು ಜೆಪೆಗ್ ನಡುವಿನ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ಹೆಜ್ಜೆ 1: ಫೋಟೊಗೆ ಯಾರು ಕಾಯುತ್ತಿದ್ದಾರೆ?

ಮನೆಯಿಂದ ಹೊರಡುವ ಮುಂಚೆಯೇ ಇದನ್ನು ಕೇಳಿಕೊಳ್ಳಿ. ಪತ್ರಿಕೆಗೆ ಸಂಜೆಯೊಳಗೆ ನಾಲ್ಕು ಚಿತ್ರ ಬೇಕು ಅಂದರೆ ಜೆಪೆಗ್. ಮೈದಾನದ ಮೂಲೆಯಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದಾಗ 28 ಎಂಬಿ ಫೈಲ್ ಕಳಿಸುವ ಮಾತೇ ಬೇಡ. ಸುದ್ದಿ ಸಂಸ್ಥೆ ರಾಯ್ಟರ್ಸ್ 2015ರ ನವೆಂಬರಿನಲ್ಲಿ ತನ್ನ ಫ್ರೀಲಾನ್ಸ್ ಫೋಟೊಗ್ರಾಫರ್‌ಗಳಿಗೆ, ರಾ ಫೈಲಿನಿಂದ ತಯಾರಿಸಿದ ಚಿತ್ರ ಕಳಿಸಬೇಡಿ, ಕ್ಯಾಮೆರಾದಲ್ಲೇ ಆದ ಜೆಪೆಗ್ ಕಳಿಸಿ ಎಂದು ಹೇಳಿತು. ಬೇಗ ತಲುಪಬೇಕು, ಚಿತ್ರವನ್ನು ತಿದ್ದಿರಬಾರದು ಅನ್ನುವುದು ಕಾರಣ. ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆ ಮಾತ್ರ ಕೊನೆಯ ಸುತ್ತಿಗೆ ಬಂದವರಿಂದ ಕ್ಯಾಮೆರಾದ ಮೂಲ ಫೈಲ್ ಕೇಳುತ್ತದೆ. ಒಬ್ಬರಿಗೆ ವೇಗ ಮುಖ್ಯ, ಇನ್ನೊಬ್ಬರಿಗೆ ಸಾಕ್ಷಿ ಮುಖ್ಯ.

ಒಕ್ಕದವರು ಆಲ್ಬಂ ಮಾಡಿಸುತ್ತಾರೆ, ದೊಡ್ಡ ಪ್ರಿಂಟ್ ಹಾಕಿಸುತ್ತಾರೆ ಅಂದರೆ ರಾ. ಬರೀ ವಾಟ್ಸಾಪ್‌ಗೆ ಅಂದರೆ ಜೆಪೆಗ್ ಸಾಕು. ವಾಟ್ಸಾಪ್ ಹೇಗೂ ಚಿತ್ರವನ್ನು ಮತ್ತೆ ಕುಗ್ಗಿಸುತ್ತದೆ. ಪೂರ್ತಿ ಗುಣಮಟ್ಟದಲ್ಲಿ ತಲುಪಬೇಕಾದರೆ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ.

ಹೆಜ್ಜೆ 2: ಕ್ಯಾಮೆರಾದ ಉಸಿರು ಎಷ್ಟಿದೆ ನೋಡಿ

ಈ ಹೆಜ್ಜೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ.

ಒಂದೇ ಸಮನೆ ಶಟರ್ ಒತ್ತಿ ಹಿಡಿದಾಗ ಚಿತ್ರಗಳು ಮೊದಲು ಕ್ಯಾಮೆರಾದ ಬಫರ್‌ಗೆ (ತಾತ್ಕಾಲಿಕ ನೆನಪಿಗೆ) ಹೋಗುತ್ತವೆ, ಅಲ್ಲಿಂದ ಕಾರ್ಡಿಗೆ. ಸೆಕೆಂಡಿಗೆ 10 ಚಿತ್ರ, ಒಂದೊಂದು 28 ಎಂಬಿ ಅಂದರೆ ಸೆಕೆಂಡಿಗೆ 280 ಎಂಬಿ ಒಳಗೆ ಬರುತ್ತಿದೆ. ಸಾಮಾನ್ಯ ಯುಎಚ್‌ಎಸ್-1 ಎಸ್‌ಡಿ ಕಾರ್ಡಿನ ದಾರಿಯೇ ಸೆಕೆಂಡಿಗೆ 104 ಎಂಬಿ ದಾಟುವುದಿಲ್ಲ. ಬರೆಯುವ ವೇಗ ಅದಕ್ಕಿಂತ ಕಡಿಮೆ. ಕಿರಿದಾದ ತೂಬಿಗೆ ತುಂಬಿದ ಕೆರೆಯ ನೀರು ಬಿಟ್ಟ ಹಾಗೆ. ಸ್ವಲ್ಪ ಹೊತ್ತಿಗೆ ಬಫರ್ ತುಂಬಿ ಕ್ಯಾಮೆರಾ ನಿಧಾನವಾಗುತ್ತದೆ. ಅದೇ ಹೊತ್ತಿಗೆ ಚೆಂಡು ಗೋಲ್ ಒಳಗೆ ಹೋಗಿರುತ್ತದೆ.

ಪರೀಕ್ಷೆ ಹೀಗೆ ಮಾಡಿ. ಶಟರ್ 1/1000 ಸೆಕೆಂಡಿಗೆ ಇಡಿ. ಐಎಸ್‌ಒ 3200 ಇಡಿ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ ಇದು). ಕ್ಯಾಮೆರಾವನ್ನು ಕಾಫಿ ಗಿಡಗಳ ಕಡೆಗೆ, ಎಲೆ ದಟ್ಟವಾಗಿರುವ ಜಾಗಕ್ಕೆ ತಿರುಗಿಸಿ. ಲೆನ್ಸ್ ಮುಚ್ಚಳ ಹಾಕಿಕೊಂಡೋ, ಬಿಳಿ ಗೋಡೆ ನೋಡಿಕೊಂಡೋ ಪರೀಕ್ಷೆ ಮಾಡಿದರೆ ಫೈಲ್ ಚಿಕ್ಕದಾಗಿ ಬಂದು ನಿಮಗೆ ಸುಳ್ಳು ಧೈರ್ಯ ಕೊಡುತ್ತದೆ. ಈಗ ಶಟರ್ ಒತ್ತಿ ಹಿಡಿಯಿರಿ. ಸದ್ದು ತಡವರಿಸುವವರೆಗೆ ಎಷ್ಟು ಚಿತ್ರ ಆಯಿತು ಎಣಿಸಿ. ಕೈ ಬಿಟ್ಟ ಮೇಲೆ ಕಾರ್ಡಿನ ಕೆಂಪು ದೀಪ ಆರಲು ಎಷ್ಟು ಸೆಕೆಂಡ್ ಬೇಕು ನೋಡಿ. ಇದನ್ನು ಪೂರ್ತಿ ರಾ, ಕುಗ್ಗಿಸಿದ ರಾ, ಜೆಪೆಗ್, ರಾ ಜೊತೆ ಜೆಪೆಗ್, ನಾಲ್ಕಕ್ಕೂ ಮಾಡಿ. ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಬ್ಯಾಗಿನಲ್ಲಿ ಇಟ್ಟುಕೊಳ್ಳಿ.

ಪೆನಾಲ್ಟಿ ಕಾರ್ನರ್‌ನಲ್ಲಿ ಚೆಂಡು ಒಳಗೆ ಬಂದು, ನಿಂತು, ಹೊಡೆತ ಬೀಳುವುದು ಎರಡು ಮೂರು ಸೆಕೆಂಡಿನ ಕೆಲಸ. ನಿಮ್ಮ ಕ್ಯಾಮೆರಾ ರಾದಲ್ಲಿ 30 ಚಿತ್ರ ತಡೆದರೆ ಸೆಕೆಂಡಿಗೆ 10ರ ವೇಗದಲ್ಲಿ ಮೂರು ಸೆಕೆಂಡ್ ಸಿಕ್ಕಿತು. ಸಾಕು. 15 ಚಿತ್ರಕ್ಕೇ ಸುಸ್ತಾದರೆ ಎರಡು ದಾರಿ: ಜೆಪೆಗ್‌ಗೆ ಹೋಗಿ, ಇಲ್ಲವೇ ಒತ್ತಿ ಹಿಡಿಯುವುದನ್ನು ಬಿಟ್ಟು ಮೂರು ನಾಲ್ಕು ಚಿತ್ರದ ಸಣ್ಣ ಸಣ್ಣ ಬರ್ಸ್ಟ್ (ಒಂದೇ ಉಸಿರಿನ ಸಾಲು ಚಿತ್ರ) ಕಲಿಯಿರಿ. ನನಗೆ ಎರಡನೆಯದೇ ಇಷ್ಟ. ಆಟ ಓದುವುದನ್ನು ಅದು ಕಲಿಸುತ್ತದೆ. ಭಾರತ ಹಾಕಿ ತಂಡದಲ್ಲಿ ಆಡಿದ ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರಂತೆ ಪಕ್ಕದಿಂದ ಓಡಿ ಬರುವ ಆಟಗಾರ ಎದುರಿಗಿದ್ದರೆ, ಬೆರಳು ಒತ್ತಿ ಹಿಡಿದವರಿಗಿಂತ ಮುಂದಿನ ತಿರುವು ಊಹಿಸಿದವರಿಗೇ ಚಿತ್ರ ಸಿಗುತ್ತದೆ.

ಕಾರ್ಡ್ ಕೊಳ್ಳುವಾಗ ಮುಂದೆ ದೊಡ್ಡದಾಗಿ ಬರೆದ ವೇಗ ನೋಡಿ ಮೋಸ ಹೋಗಬೇಡಿ. ಅದು ಸಾಮಾನ್ಯವಾಗಿ ಓದುವ ವೇಗ. ನಮಗೆ ಬೇಕಾದ್ದು ಬರೆಯುವ ವೇಗ. ವಿ30 ಅಂದರೆ ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯುವ ಭರವಸೆ. ವಿ60, ವಿ90 ಕೂಡ ಹಾಗೇ. ಕ್ಯಾಮೆರಾ ಯುಎಚ್‌ಎಸ್-2 ಒಪ್ಪುವುದಾದರೆ ಮಾತ್ರ ಆ ಕಾರ್ಡಿಗೆ ದುಡ್ಡು ಹಾಕಿ. ಒಪ್ಪದ ಕ್ಯಾಮೆರಾದಲ್ಲಿ ಅದೂ ಹಳೆಯ ವೇಗಕ್ಕೇ ಇಳಿಯುತ್ತದೆ.

ತುಂಬ ವೇಗದ ಮೋಡ್‌ಗಳಲ್ಲಿ ಇನ್ನೊಂದು ವಿಷಯ ಇದೆ. ನಿಕಾನ್ ಝಡ್9 ರಾದಲ್ಲಿ ಸೆಕೆಂಡಿಗೆ 20 ಚಿತ್ರ ತೆಗೆಯುತ್ತದೆ. 30 ಬೇಕು ಅಂದರೆ ಜೆಪೆಗ್ ಮಾತ್ರ. ಕೆಲವು ಕ್ಯಾಮೆರಾಗಳು ಎಲೆಕ್ಟ್ರಾನಿಕ್ ಶಟರ್‌ನಲ್ಲಿ ರಾವನ್ನು ಸದ್ದಿಲ್ಲದೆ 14 ಬಿಟ್‌ನಿಂದ 12ಕ್ಕೆ ಇಳಿಸುತ್ತವೆ. ನಿಮ್ಮ ಕ್ಯಾಮೆರಾದ ಕೈಪಿಡಿಯಲ್ಲಿ ಈ ಪುಟ ಹುಡುಕಿ ಓದಿ.

ಹೆಜ್ಜೆ 3: ಬೆಳಕು ನೋಡಿ ತೀರ್ಮಾನಿಸಿ

ಬೆಳಗಿನ ಎಂಟರಿಂದ ಹತ್ತರವರೆಗೆ, ಬಿಸಿಲು ಸಮನಾಗಿ ಬಿದ್ದಿದೆ, ಬೆಳಕು ನಿಮ್ಮ ಬೆನ್ನ ಹಿಂದಿದೆ ಅಂದರೆ ಜೆಪೆಗ್ ತೆಗೆಯಿರಿ. ಏನೂ ನಷ್ಟ ಇಲ್ಲ.

ನೆತ್ತಿಯ ಮೇಲೆ ಸೂರ್ಯ ಬಂದಾಗ ಕಷ್ಟ ಶುರು. ಬಿಳಿ ಜೆರ್ಸಿ ಸುಟ್ಟಂತೆ ಹೊಳೆಯುತ್ತದೆ. ಟೋಪಿಯ ಕೆಳಗಿನ ಮುಖ ಕಪ್ಪು. ಈ ಎರಡನ್ನೂ 256 ಮೆಟ್ಟಿಲಿನಲ್ಲಿ ಹಿಡಿಯುವುದು ಕಷ್ಟ. ರಾದಲ್ಲಿ ಜೆರ್ಸಿಗೆ ಸರಿಯಾಗಿ ಎಕ್ಸ್‌ಪೋಷರ್ ಇಟ್ಟು, ಮುಖದ ನೆರಳನ್ನು ಆಮೇಲೆ ಎತ್ತಬಹುದು. ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯಲ್ಲೂ ಇದೇ ಕಥೆ. ಗಂಡಸರ ಕಪ್ಪು ನಿಲುವಂಗಿ ಕುಪ್ಯ, ಸೊಂಟದಲ್ಲಿ ಕೆಂಪು ಪಟ್ಟಿ ಚೇಲೆ, ಹಿಂದೆ ಬೆಳ್ಳಗಿನ ಆಕಾಶ. ಕುಪ್ಯದ ಮಡಿಕೆಗಳು ಕಾಣಬೇಕು, ಆಕಾಶವೂ ಉಳಿಯಬೇಕು ಅಂದರೆ ರಾ ಬಿಟ್ಟು ಬೇರೆ ದಾರಿ ನನಗೆ ಗೊತ್ತಿಲ್ಲ.

ಮೋಡ ಕವಿದಾಗಲೂ ರಾ. ಎಫ್ 5.6 ಲೆನ್ಸಿನಲ್ಲಿ 1/1000 ಶಟರ್ ಉಳಿಸಿಕೊಳ್ಳಲು ಐಎಸ್‌ಒ 3200, 6400 ಅಂತ ಏರುತ್ತಾ ಹೋಗುತ್ತದೆ. ಜೆಪೆಗ್‌ನಲ್ಲಿ ಕ್ಯಾಮೆರಾ ಹೆಚ್ಚಿನ ಐಎಸ್‌ಒ ತರುವ ಕಾಳುಕಾಳನ್ನು (ನಾಯ್ಸ್) ಒರೆಸಲು ಹೋಗಿ ಮುಖದ ಗೆರೆ, ಗಡ್ಡ, ಹುಲ್ಲು ಎಲ್ಲ ಒಟ್ಟಿಗೆ ಒರೆಸಿಬಿಡುತ್ತದೆ. 2023ರ ಏಪ್ರಿಲ್‌ನಲ್ಲಿ ಫೋಟೊ ತಿದ್ದುವ ಸಾಫ್ಟ್‌ವೇರ್ ಲೈಟ್‌ರೂಮ್‌ಗೆ ಈ ಕಾಳು ತೆಗೆಯುವ ಎಐ ಡಿನಾಯ್ಸ್ ಬಂದಾಗ ಅದು ರಾ ಫೈಲುಗಳ ಮೇಲೆ ಮಾತ್ರ ಕೆಲಸ ಮಾಡುತ್ತಿತ್ತು. ಸಂಜೆ ಐದರ ಮಬ್ಬಿನಲ್ಲಿ ತೆಗೆದ 6400 ಐಎಸ್‌ಒ ಚಿತ್ರವನ್ನು ಅದರಲ್ಲಿ ಹಾಕಿ ನೋಡಿದ ದಿನ, ಹಳೆಯ ರಾಗಳನ್ನು ಇಟ್ಟುಕೊಂಡಿದ್ದಕ್ಕೆ ತುಂಬ ಸಂತೋಷ ಆಯಿತು.

ರಾತ್ರಿ ದೀಪದ ಕೆಳಗೆ ಆಟ ಇದ್ದರೆ ಇನ್ನೊಂದು ತೊಂದರೆ. ನಮ್ಮ ವಿದ್ಯುತ್ 50 ಹರ್ಟ್ಸ್. ಹಲವು ಬಗೆಯ ದೀಪಗಳು ಸೆಕೆಂಡಿಗೆ 100 ಸಲ ಏರಿಳಿಯುತ್ತವೆ. ವೇಗದ ಶಟರ್‌ನಲ್ಲಿ ಒಂದು ಚಿತ್ರ ಬೆಳ್ಳಗೆ, ಮುಂದಿನದು ಹಳದಿ, ಅದರ ಮುಂದಿನದು ಕಪ್ಪು. ಕ್ಯಾಮೆರಾದಲ್ಲಿ ಆಂಟಿ ಫ್ಲಿಕರ್ ಇದ್ದರೆ ಆನ್ ಮಾಡಿ. ಉಳಿದ ಬಣ್ಣದ ವ್ಯತ್ಯಾಸವನ್ನು ರಾದಲ್ಲಿ ಸರಿಮಾಡಬಹುದು. ಒಂದೇ ಚಿತ್ರದ ಮೇಲರ್ಧ ಒಂದು ಬಣ್ಣ, ಕೆಳಗರ್ಧ ಇನ್ನೊಂದು ಆಗಿದ್ದರೆ ರಾ ಕೂಡ ಪೂರ್ತಿ ಕಾಪಾಡುವುದಿಲ್ಲ.

ಹೆಜ್ಜೆ 4: ಜೆಪೆಗ್ ಅಂತ ನಿರ್ಧರಿಸಿದರೆ

ಒಂದು ಬೆಳಿಗ್ಗೆ ನನ್ನ ಮನಸ್ಸಿಗೆ ಇವತ್ತಿಗೂ ನೋವು ಕೊಡುತ್ತದೆ. ಹಿಂದಿನ ರಾತ್ರಿ ಒಂದು ಮದುವೆ ಮನೆಯ ಬಲ್ಬ್ ಬೆಳಕಿನಲ್ಲಿ ಫೋಟೊ ತೆಗೆದಿದ್ದೆ. ವೈಟ್ ಬ್ಯಾಲೆನ್ಸ್ ಟಂಗ್‌ಸ್ಟನ್‌ನಲ್ಲೇ ಉಳಿದಿತ್ತು. ಬೆಳಿಗ್ಗೆ ಬಿಸಿಲಿನಲ್ಲಿ ಎರಡು ಪಂದ್ಯ ಪೂರ್ತಿ ಜೆಪೆಗ್ ತೆಗೆದೆ. ಎಲ್ಲವೂ ನೀಲಿ. ಅದರಲ್ಲಿ ಒಂದು ಚಿತ್ರ ಇತ್ತು. ವಯಸ್ಸಾದ ಅಜ್ಜಿ ಒಬ್ಬರು ಸ್ಟಿಕ್ ಹಿಡಿದು ಚೆಂಡು ತಳ್ಳುತ್ತಿದ್ದಾರೆ, ಪಕ್ಕದಲ್ಲಿ ಮೊಮ್ಮಗಳು ಕೈ ಎತ್ತಿ ಕುಣಿಯುತ್ತಿದ್ದಾಳೆ. ಎಷ್ಟು ತಿದ್ದಿದರೂ ಆ ಮುಖದ ಬಣ್ಣ ವಾಪಸ್ ಬರಲಿಲ್ಲ. ರಾ ಆಗಿದ್ದರೆ ಒಂದು ಕ್ಲಿಕ್ಕಿನ ಕೆಲಸ. ರಾದಲ್ಲಿ ವೈಟ್ ಬ್ಯಾಲೆನ್ಸ್ ಬರೀ ಒಂದು ಸೂಚನೆ, ಜೆಪೆಗ್‌ನಲ್ಲಿ ಅದು ಬಣ್ಣದೊಳಗೇ ಬೆರೆತು ಹೋಗಿರುತ್ತದೆ.

ಹಾಗಾಗಿ ಜೆಪೆಗ್‌ನಲ್ಲಿ ಮೊದಲ ಕೆಲಸ ವೈಟ್ ಬ್ಯಾಲೆನ್ಸ್. ಆಟೊದಲ್ಲಿ ಬಿಡಬೇಡಿ. ನಮ್ಮ ಮೈದಾನಗಳ ಕೆಮ್ಮಣ್ಣು ಫ್ರೇಮಿನಲ್ಲಿ ಜಾಸ್ತಿ ತುಂಬಿದಾಗ ಆಟೊ ಕೆಂಪನ್ನು ತಗ್ಗಿಸಲು ನೋಡುತ್ತದೆ. ಅದೇ ಆಟಗಾರ ಹಸಿರು ತೋಟದ ಎದುರು ಬಂದಾಗ ಇನ್ನೊಂದು ಕಡೆ ವಾಲುತ್ತದೆ. ಬಿಸಿಲಿಗೆ 5200ರಿಂದ 5500 ಕೆಲ್ವಿನ್, ಮೋಡಕ್ಕೆ 6000ದಿಂದ 6500 ಇಟ್ಟು ಶುರು ಮಾಡಿ, ಒಂದು ಮುಖ ತೆಗೆದು ನೋಡಿ, ಅಲ್ಲೇ ಕಟ್ಟಿಹಾಕಿ. ಮೋಡ ಬಂದಾಗ ಬದಲಿಸಲು ಮರೆಯಬೇಡಿ.

ಗುಣಮಟ್ಟ ಫೈನ್, ಅಳತೆ ದೊಡ್ಡದು. ಸುಮ್ನೆ ಜಾಗ ಉಳಿಸಲು ಇಲ್ಲಿ ಕೈ ಬಿಗಿ ಮಾಡಬೇಡಿ, ಕ್ರಾಪ್ ಮಾಡಬೇಕಾಗುತ್ತದೆ. ಹೈ ಐಎಸ್‌ಒ ನಾಯ್ಸ್ ರಿಡಕ್ಷನ್ ಕಡಿಮೆ ಇಡಿ. ಕಾಂಟ್ರಾಸ್ಟ್ ಒಂದು ಮೆಟ್ಟಿಲು ಇಳಿಸಿ. ಕ್ಯಾಮೆರಾ ಒಳಗಿನ ಲೆನ್ಸ್ ತಿದ್ದುಪಡಿ ಕೆಲವು ಮಾದರಿಗಳಲ್ಲಿ ಬರ್ಸ್ಟ್ ನಿಧಾನ ಮಾಡುತ್ತದೆ, ಹೆಜ್ಜೆ 2ರ ಪರೀಕ್ಷೆಯಲ್ಲಿ ಅದನ್ನೂ ನೋಡಿಕೊಳ್ಳಿ.

ಎಕ್ಸ್‌ಪೋಷರ್‌ನಲ್ಲಿ ಮೂರನೇ ಒಂದು ಸ್ಟಾಪ್‌ಗಿಂತ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು ಇಲ್ಲವೇ ಅರ್ಧ) ಜಾಸ್ತಿ ತಪ್ಪದ ಹಾಗೆ ನೋಡಿಕೊಳ್ಳಿ. ಬೆಳಕು ಸಮನಾಗಿದ್ದರೆ ಮ್ಯಾನ್ಯುಅಲ್‌ನಲ್ಲಿ ಕಟ್ಟಿಹಾಕುವುದು ಉತ್ತಮ. ಇಲ್ಲವಾದರೆ ಬಿಳಿ ಜೆರ್ಸಿ ತಂಡ ಹತ್ತಿರ ಬಂದಾಗ ಕ್ಯಾಮೆರಾ ಎಲ್ಲವನ್ನೂ ಕಪ್ಪು ಮಾಡುತ್ತದೆ.

ಹೆಜ್ಜೆ 5: ರಾ ಅಂತ ನಿರ್ಧರಿಸಿದರೆ

ಏನೂ ಕಳೆಯದ ಕುಗ್ಗಿಸಿದ ರಾ, ಇಲ್ಲವೇ ಸಿ-ರಾ ಥರದ್ದು ಇಡಿ. ಕುಗ್ಗಿಸದ ರಾ ಆಟಕ್ಕೆ ಬೇಡ. 24 ಮೆಗಾಪಿಕ್ಸೆಲ್‌ಗೆ 14 ಬಿಟ್ ಲೆಕ್ಕದಲ್ಲಿ ಅದು 40 ಎಂಬಿ ದಾಟುತ್ತದೆ, ಚಿತ್ರದಲ್ಲಿ ಕಾಣುವ ಲಾಭ ಏನೂ ಇಲ್ಲ.

ಒಂದು ಸೂಕ್ಷ್ಮ ಇದೆ. ನೀವು ರಾ ತೆಗೆಯುತ್ತಿದ್ದರೂ ಕ್ಯಾಮೆರಾ ಹಿಂದಿನ ಹಿಸ್ಟೋಗ್ರಾಂ (ಬೆಳಕು ಹೇಗೆ ಹಂಚಿದೆ ಎಂದು ತೋರಿಸುವ ಗ್ರಾಫ್), ಮಿಣುಕುವ ಹೈಲೈಟ್ ಎಚ್ಚರಿಕೆ ಎರಡೂ ಜೆಪೆಗ್ ಪ್ರಿವ್ಯೂ ಮೇಲೆ ನಿಂತಿವೆ. ಪಿಕ್ಚರ್ ಸ್ಟೈಲ್ (ಕ್ಯಾಮೆರಾ ಹಾಕುವ ಬಣ್ಣ, ಕಾಂಟ್ರಾಸ್ಟಿನ ಸೆಟ್ಟಿಂಗ್) ಗಾಢವಾಗಿದ್ದರೆ, ಸುಟ್ಟುಹೋಗದ ಬಿಳಿಯೂ ಸುಟ್ಟಂತೆ ಮಿಣುಕುತ್ತದೆ. ಸ್ಟೈಲನ್ನು ನ್ಯೂಟ್ರಲ್‌ಗೆ ಇಟ್ಟರೆ ನಿಜಕ್ಕೆ ಹತ್ತಿರದ ಅಂದಾಜು ಸಿಗುತ್ತದೆ. ರಾ ಇದೆ ಅಂತ ಬಿಳಿಯನ್ನು ಪೂರ್ತಿ ಸುಡಬೇಡಿ. ತುಂಬಿ ಚೆಲ್ಲಿದ ಚುಕ್ಕಿಯಲ್ಲಿ ವಾಪಸ್ ತರಲು ಏನೂ ಉಳಿದಿರುವುದಿಲ್ಲ.

ಬೇಗ ಕಳಿಸಬೇಕಾದ ಒಂದೆರಡು ಚಿತ್ರಕ್ಕಾಗಿ ದಿನಪೂರ್ತಿ ಜೆಪೆಗ್‌ಗೆ ಹೋಗಬೇಕಿಲ್ಲ. ತುಂಬ ಕ್ಯಾಮೆರಾಗಳಲ್ಲಿ ರಾ ಫೈಲನ್ನು ಅಲ್ಲೇ ಜೆಪೆಗ್ ಮಾಡುವ ಮೆನು ಇರುತ್ತದೆ. ಹಾಫ್ ಟೈಮ್‌ನಲ್ಲಿ ಮೂರು ಚಿತ್ರ ಆರಿಸಿ, ಅಲ್ಲೇ ಬೆಳಕು ಸ್ವಲ್ಪ ಎತ್ತಿ ಜೆಪೆಗ್ ಮಾಡಿ, ವೈಫೈನಲ್ಲಿ ಫೋನಿಗೆ ಎಳೆದು ಕಳಿಸಿ. "ಅಣ್ಣ, ನಮ್ಮ ಗೋಲ್ ಫೋಟೊ ಸಿಕ್ತಾ?" ಅಂತ ಗೆದ್ದ ತಂಡದ ಹುಡುಗರು ಬಂದು ಕೇಳುವಷ್ಟರಲ್ಲಿ ಅದು ಅವರ ಫೋನಿನಲ್ಲಿರುತ್ತದೆ. ಈ ಒಂದು ಅಭ್ಯಾಸ ಮಾಡಿಕೊಂಡ ಮೇಲೆ ನನ್ನ ಹೆಚ್ಚಿನ ಕೆಲಸ ರಾಗೆ ತಿರುಗಿತು.

ಹೆಜ್ಜೆ 6: ಎರಡೂ ಬೇಕು ಅಂದರೆ

ರಾ ಜೊತೆ ಜೆಪೆಗ್ ಒಟ್ಟಿಗೆ ತೆಗೆಯುವುದು ಕೇಳಲು ಚೆಂದ. ಆದರೆ ಬಫರ್ ಬೇಗ ತುಂಬುತ್ತದೆ. ಎರಡು ಕಾರ್ಡ್ ಜಾಗ ಇರುವ ಕ್ಯಾಮೆರಾದಲ್ಲಿ ಒಂದಕ್ಕೆ ರಾ, ಇನ್ನೊಂದಕ್ಕೆ ಚಿಕ್ಕ ಅಳತೆಯ ಜೆಪೆಗ್ ಹಾಕಿ. ಎರಡನೇ ಜಾಗದಲ್ಲಿ ಹಳೆಯ ನಿಧಾನದ ಕಾರ್ಡ್ ಇಟ್ಟರೆ ಇಡೀ ಕ್ಯಾಮೆರಾ ಅದರ ವೇಗಕ್ಕೇ ಇಳಿಯುತ್ತದೆ. ಫೈನಲ್ ಪಂದ್ಯ, ಬಹುಮಾನ ವಿತರಣೆಗೆ ನಾನು ಹೀಗೆ ಮಾಡುತ್ತೇನೆ. ಮೊದಲ ಸುತ್ತುಗಳ ಇಪ್ಪತ್ತು ಪಂದ್ಯಕ್ಕೆ ಇದು ಅತಿಯಾಯಿತು.

ಕಕ್ಕಡ ತಿಂಗಳ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಕೆಸರುಗದ್ದೆ ಆಟಕ್ಕೆ ಮಾತ್ರ ಲೆಕ್ಕ ಬೇರೆ. ಆ ಮಳೆಯಲ್ಲಿ ಬೆಳಕು ಸತ್ತಂತಿರುತ್ತದೆ, ಮೈತುಂಬ ಕೆಸರು, ಕಣ್ಣು ಹಲ್ಲು ಮಾತ್ರ ಬೆಳ್ಳಗೆ. ಕೆಸರಿನ ಕಂದು, ಮೈಯ ಕಂದು ಬೇರೆ ಬೇರೆಯಾಗಿ ಕಾಣಬೇಕಾದರೆ ಮೆಟ್ಟಿಲುಗಳು ಜಾಸ್ತಿ ಬೇಕು. ಓಟ ಹತ್ತು ಹದಿನೈದು ಸೆಕೆಂಡಿಗೆ ಮುಗಿಯುತ್ತದೆ, ಮುಂದಿನ ಓಟಕ್ಕೆ ಬಫರ್ ಖಾಲಿಯಾಗಲು ಹೊತ್ತು ಸಿಗುತ್ತದೆ. ಯೋಚನೆ ಮಾಡದೆ ರಾ ಇಡಿ. ತೆಂಗಿನಕಾಯಿ ಸಿಡಿಯುವ ಕ್ಷಣಕ್ಕೆ ಶಟರ್ ಒತ್ತುವ ಮೊದಲಿನ ಚಿತ್ರಗಳನ್ನೂ ಹಿಡಿಯುವ ಪ್ರಿ ಕ್ಯಾಪ್ಚರ್ ಒಳ್ಳೆಯದು. ಆದರೆ ನಿಕಾನ್ ಝಡ್8, ಝಡ್9ರಲ್ಲಿ ಆ ಸೌಲಭ್ಯ ಬಂದದ್ದು ಜೆಪೆಗ್‌ಗೆ ಮಾತ್ರ. ಸೋನಿ ಎ9 3ರಂಥವು ರಾದಲ್ಲೂ ಕೊಡುತ್ತವೆ. ನಿಮ್ಮದು ಮೊದಲಿನ ಥರದ್ದಾದರೆ ಸಿಡಿಯುವ ಕಾಯಿಗೆ ಜೆಪೆಗ್, ಗುರಿ ಇಡುವ ಮುಖಕ್ಕೆ ರಾ ಅಂತ ಎರಡು ಸೆಟ್ಟಿಂಗ್ ಉಳಿಸಿಕೊಂಡು, ಡಯಲ್ ತಿರುಗಿಸಿ ಬದಲಿಸಿ.

ಹೆಜ್ಜೆ 7: ಮನೆಗೆ ಬಂದ ಮೇಲೆ

ದಿನಕ್ಕೆ 1500 ಚಿತ್ರ ಅಂದರೆ ರಾದಲ್ಲಿ ಸುಮಾರು 42 ಜಿಬಿ, ಜೆಪೆಗ್‌ನಲ್ಲಿ 15. ಹಾಕಿ ಹಬ್ಬ ಸುಮಾರು ಒಂದು ತಿಂಗಳು ನಡೆಯುತ್ತದೆ. 28 ದಿನ ಹೋದರೆ ರಾ ಒಂದು ಟಿಬಿ ಡಿಸ್ಕ್ ಮೀರುತ್ತದೆ. ಹಾಗಾಗಿ ಅದೇ ರಾತ್ರಿ ಆರಿಸಬೇಕು. ರಾ ಫೈಲಿನ ಒಳಗೇ ಒಂದು ಜೆಪೆಗ್ ಪ್ರಿವ್ಯೂ ಇರುತ್ತದೆ. ಫೋಟೊ ಮೆಕ್ಯಾನಿಕ್ ಥರದ ಸಾಫ್ಟ್‌ವೇರ್‌ಗಳು ಅದನ್ನು ಬಳಸಿಕೊಂಡು ಬೇಗ ತೋರಿಸುತ್ತವೆ. ಚೆಂಡು ಇಲ್ಲದ್ದು, ಫೋಕಸ್ ತಪ್ಪಿದ್ದು, ಬೆನ್ನು ಮಾತ್ರ ಕಾಣುವುದು ಮೊದಲು ತೆಗೆದುಹಾಕಿ. 1500ರಲ್ಲಿ ನನಗೆ ಉಳಿಯುವುದು 150ರ ಆಸುಪಾಸು.

ರಾ ತಿದ್ದಲು ದುಡ್ಡು ಕೊಡಲೇಬೇಕು ಅಂತಿಲ್ಲ. ಡಾರ್ಕ್‌ಟೇಬಲ್, ರಾಥೆರಪಿ ಉಚಿತ. ಕ್ಯಾನನ್‌ನವರ ಡಿಜಿಟಲ್ ಫೋಟೊ ಪ್ರೊಫೆಷನಲ್, ನಿಕಾನ್‌ನವರ ಎನ್‌ಎಕ್ಸ್ ಸ್ಟುಡಿಯೊ ಕೂಡ ಅವರವರ ಕ್ಯಾಮೆರಾಗಳಿಗೆ ಉಚಿತ. ಒಂದು ಪಂದ್ಯದಲ್ಲಿ ಒಂದು ಚಿತ್ರ ಸರಿಮಾಡಿ, ಅದೇ ಬೆಳಕಿನ ಉಳಿದವಕ್ಕೆ ಆ ತಿದ್ದುಪಡಿ ನಕಲು ಮಾಡಿ. ಜೆಪೆಗ್ ತಿದ್ದುವುದಾದರೆ ಮೂಲವನ್ನು ಮುಟ್ಟದೆ ನಕಲಿನ ಮೇಲೆ ಮಾಡಿ. ಪ್ರತಿ ಸಲ ತಿದ್ದಿ ಸೇವ್ ಮಾಡಿದಾಗಲೂ ಸ್ವಲ್ಪ ಸ್ವಲ್ಪ ಸವೆಯುತ್ತದೆ.

ಪ್ರಿಂಟ್ ಲೆಕ್ಕ ಗೊತ್ತಿರಲಿ. 6000 ಉದ್ದ, 4000 ಅಗಲದ ಪೂರ್ತಿ ಚಿತ್ರ ಇಂಚಿಗೆ 300 ಚುಕ್ಕಿಯಂತೆ 20 ಇಂಚು ಉದ್ದ ಬರುತ್ತದೆ. ದೂರದ ಆಟಗಾರನನ್ನು ಹತ್ತಿರ ತರಲು ಉದ್ದಗಲ ಎರಡರಲ್ಲೂ ಅರ್ಧಕ್ಕೆ ಕತ್ತರಿಸಿದರೆ 10 ಇಂಚಿಗೆ ಇಳಿಯಿತು. ಹೀಗೆ ಕತ್ತರಿಸಿದ ಚಿತ್ರದಲ್ಲೇ ಜೆಪೆಗ್‌ನ ಚೌಕಗಳು, ಒರೆಸಿದ ಮುಖಗಳು ಕಣ್ಣಿಗೆ ಹೊಡೆಯುವುದು.

ಆರಿಸಿದ 150 ರಾಗಳನ್ನು ಎರಡು ಡಿಸ್ಕಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿ ಇಡಿ. ನಮ್ಮ ಮಳೆಗಾಲದ ಶೀತಕ್ಕೆ ಲೆನ್ಸಿಗೆ ಬೂಸ್ಟು ಹಿಡಿಯುವುದು ಎಲ್ಲರಿಗೂ ಗೊತ್ತು. ಡಿಸ್ಕಿಗೂ ಆ ತೇವ ಒಳ್ಳೆಯದಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ಜೂನ್‌ಗೆ ಮುಂಚೆ ಜೆಲ್ ಬದಲಿಸಿ. ಫೋಲ್ಡರಿಗೆ ವರ್ಷ, ಕಪ್ಪಿನ ಹೆಸರು, ಆಡಿದ ಎರಡು ಒಕ್ಕಗಳ ಹೆಸರು ಬರೆಯಿರಿ. ಹತ್ತು ವರ್ಷ ಬಿಟ್ಟು ಯಾರಾದರೂ ತಮ್ಮ ಅಜ್ಜ ಆಡಿದ ಫೋಟೊ ಕೇಳಿಕೊಂಡು ಬರುತ್ತಾರೆ. ಅವರು ತಾರೀಖು ಹೇಳುವುದಿಲ್ಲ, ಒಕ್ಕದ ಹೆಸರು ಹೇಳುತ್ತಾರೆ.